ಯಂತ್ರಾಂಶದ ವಿವರ ಕರ್ನಲ್‌ನಿಂದ ಹೊರಬಂದ ಬಗೆ

ಪಿಸಿಐ ಅಥವಾ ಯುಎಸ್‌ಬಿ ಮೂಲಕ ಜೋಡಿಸಿದ ಸಾಧನವು ತನ್ನ ತಯಾರಕರು ಯಾರು, ತಾನು ಯಾವ ಮಾದರಿ ಎಂಬುದನ್ನು ಗುರುತಿನ ಸಂಖ್ಯೆಗಳ ಮೂಲಕ ತಾನೇ ತಿಳಿಸುತ್ತದೆ. ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಕರ್ನಲ್ ಅವನ್ನು ಓದಿ, ಆ ಸಾಧನವನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಅನ್ನು ಹೊಂದಿಸುತ್ತದೆ. ಮೊಬೈಲ್ ಮತ್ತು ರೌಟರ್‌ಗಳ ಬೋರ್ಡ್‌ಗಳಲ್ಲಿರುವ ಅನೇಕ ಬಿಡಿಭಾಗಗಳಿಗೆ ಈ ಅನುಕೂಲವಿಲ್ಲ. ಚಿಪ್‌ನ ಜಿಪಿಐಒ ಪಿನ್‌ಗೆ (ಬೇಕಾದ ಕೆಲಸಕ್ಕೆ ಬಳಸಿಕೊಳ್ಳಬಹುದಾದ ಪಿನ್) ಸೇರಿಸಿದ ಒಂದು ಗುಂಡಿಯನ್ನೇ ತೆಗೆದುಕೊಳ್ಳೋಣ. ಅದು ಯಾವ ಪಿನ್‌ನಲ್ಲಿದೆ, ಒತ್ತಿದಾಗ ವೋಲ್ಟೇಜ್ ಏರುತ್ತದೆಯೋ ಇಳಿಯುತ್ತದೆಯೋ, ಸಂಪರ್ಕದ ಅದುರುವಿಕೆ ಅಡಗಲು ಎಷ್ಟು ಮಿಲಿಸೆಕೆಂಡ್ ಕಾಯಬೇಕು, ನಿದ್ರಾಸ್ಥಿತಿಯಲ್ಲಿರುವ ಯಂತ್ರವನ್ನು ಅದು ಎಬ್ಬಿಸಬಹುದೇ ಎಂಬುದನ್ನೆಲ್ಲ ಡ್ರೈವರ್‌ಗೆ ಹೊರಗಿನಿಂದ ಹೇಳಬೇಕು.

ಇಂಥ ಬೋರ್ಡ್‌ಗಳಲ್ಲಿ ಹೆಚ್ಚಾಗಿ ಬಳಕೆಯಾಗುವ ಎಆರ್‌ಎಂ ಚಿಪ್‌ಗಳ ಲೋಕದಲ್ಲಿ ಬಹುಕಾಲ ಈ ವಿವರಗಳು ಕರ್ನಲ್‌ನ ಒಡಲಲ್ಲೇ ಇದ್ದವು. ಬೋರ್ಡ್‌ಗೊಂದು ಸಿ ಭಾಷೆಯ ಕಡತ, ಅದರಲ್ಲಿ ‘ಪ್ಲಾಟ್‌ಫಾರ್ಮ್ ಡೇಟಾ’ ಎಂಬ ರಚನೆಗಳು. ಕರ್ನಲ್ ಅನ್ನು ಶುರುಮಾಡುವ ಬೂಟ್‌ಲೋಡರ್ ತನ್ನ ಬೋರ್ಡ್‌ನ ಸಂಖ್ಯೆಯನ್ನು ಕರ್ನಲ್‌ಗೆ ದಾಟಿಸಿದರೆ ಆಯಿತು. ಗುಂಡಿಯೊಂದು ಬೇರೆ ಪಿನ್‌ಗೆ ಹೋದರೂ ಕರ್ನಲ್ ಅನ್ನು ಮತ್ತೆ ಕಂಪೈಲ್ ಮಾಡಬೇಕಿತ್ತು. ಹೊಸ ಬೋರ್ಡ್‌ಗಳು ಬಂದಂತೆಲ್ಲ ಒಂದನ್ನೊಂದು ಹೋಲುವ ಕಡತಗಳು ರಾಶಿಬಿದ್ದವು. ಕೊನೆಗೆ 2011ರ ಮಾರ್ಚ್‌ನಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಕರ್ನಲ್‌ನ ಎಆರ್‌ಎಂ ಭಾಗದ ಈ ಅವ್ಯವಸ್ಥೆಯ ಬಗ್ಗೆ ಬಹಿರಂಗವಾಗಿ, ಕಟುವಾದ ಮಾತುಗಳಲ್ಲಿ ಸಿಡಿದರು.

ಪರಿಹಾರವನ್ನು ಹೊಸದಾಗಿ ಹುಡುಕಬೇಕಾಗಿರಲಿಲ್ಲ. ಸನ್ ಕಂಪನಿಯ ಯಂತ್ರಗಳಲ್ಲಿ ಬೆಳೆದು 1994ರಲ್ಲಿ ಐಇಇಇ 1275 ಮಾನಕವಾದ ಓಪನ್ ಫರ್ಮ್‌ವೇರ್ (ಫರ್ಮ್‌ವೇರ್ ಎಂದರೆ ಯಂತ್ರದೊಳಗೇ ಅಡಕವಾಗಿರುವ ತಂತ್ರಾಂಶ), ಯಂತ್ರಾಂಶವನ್ನು ನೋಡ್‌ಗಳ ಮರವಾಗಿ ವಿವರಿಸುತ್ತಿತ್ತು. 2005ರ ಸುಮಾರಿಗೆ ಪವರ್‌ಪಿಸಿ ಎಂಬ ಇನ್ನೊಂದು ಬಗೆಯ ಚಿಪ್‌ಗಳ ಲಿನಕ್ಸ್ ಡೆವಲಪರ್‌ಗಳು ಆ ಮರವನ್ನು, ಓಪನ್ ಫರ್ಮ್‌ವೇರ್ ಇಲ್ಲದ ಬೋರ್ಡ್‌ಗಳಲ್ಲೂ ಬೂಟ್‌ಲೋಡರ್ ಹೊತ್ತು ತರಬಲ್ಲ ಸಣ್ಣ ಬೈನರಿ ಕಡತಕ್ಕೆ ಇಳಿಸಿದರು. ಇದೇ ಇಂದಿನ ಡಿವೈಸ್ ಟ್ರೀ. ಕರ್ನಲ್ ಡೆವಲಪರ್ ಗ್ರಾಂಟ್ ಲೈಕ್ಲಿ ಮೊದಲಾದವರ ಶ್ರಮದಿಂದ ಎಆರ್‌ಎಂ ಕೂಡ ಅದರತ್ತ ಹೊರಳಿತು. 2012ರ ಡಿಸೆಂಬರ್‌ನಲ್ಲಿ ಬಂದ ಲಿನಕ್ಸ್‌ನ 3.7ನೇ ಆವೃತ್ತಿಯಿಂದ ಬೇರೆ ಬೇರೆ ತಯಾರಕರ ಚಿಪ್‌ಗಳ ಮೇಲೆ ಒಂದೇ ಕರ್ನಲ್ ಓಡುವ ದಾರಿ ತೆರೆಯಿತು.

ಅಷ್ಟರಲ್ಲಿ ಪಿಸಿಗಳ ಕಡೆ ಯಂತ್ರಾಂಶದ ವಿವರವನ್ನು ಕರ್ನಲ್‌ಗೆ ತಿಳಿಸುವ ಎಸಿಪಿಐ ಎಂಬ ಮಾನಕ ಕೂಡ ಇದೇ ಸಮಸ್ಯೆಗೆ ಮುಖಾಮುಖಿಯಾಗಿತ್ತು. ಇಂಟೆಲ್ ಚಿಪ್‌ಗಳುಳ್ಳ ಸಣ್ಣ ಬೋರ್ಡ್‌ಗಳಲ್ಲೂ ಗುಂಡಿ, ಎಲ್‌ಇಡಿ, ಸೆನ್ಸರ್‌ಗಳ ವಿವರ ಬೇಕಾಯಿತು. 2014ರ ಎಸಿಪಿಐ 5.1 ಮಾನಕ ಹೆಸರು–ಮೌಲ್ಯದ ಜೋಡಿಗಳಿಗೆ, ಅಂದರೆ ‘ಪ್ರಾಪರ್ಟಿ’ಗಳಿಗೆ, ಅವಕಾಶ ಕೊಟ್ಟಿತು. ಮರುವರ್ಷ ಬಂದ ಲಿನಕ್ಸ್ 3.19ರಲ್ಲಿ, ಮಾಹಿತಿ ಡಿವೈಸ್ ಟ್ರೀಯದೋ ಎಸಿಪಿಐಯದೋ ಎಂದು ವಿಚಾರಿಸದೆ ಡ್ರೈವರ್ ನೇರವಾಗಿ ಪ್ರಾಪರ್ಟಿಯ ಹೆಸರು ಹೇಳಿ ಮೌಲ್ಯ ಪಡೆಯುವ ಏಕರೂಪದ ಫಂಕ್ಷನ್‌ಗಳು ಸೇರಿದವು. ಡ್ರೈವರ್ ಬರೆಯುವವರಿಗೆ ಇದರಿಂದಾದ ಉಪಕಾರ ದೊಡ್ಡದು.

ಆದರೆ ನಿಜವಾದ ಕಷ್ಟ ಇರುವುದು ಹೆಸರುಗಳಲ್ಲಿ. ಪ್ರಾಪರ್ಟಿಯೊಂದು ಮಾರುಕಟ್ಟೆಗೆ ಹೋದ ಸಾಧನದ ಫರ್ಮ್‌ವೇರ್‌ನಲ್ಲಿ ಸೇರಿತೆಂದರೆ ಮುಂದಿನ ಕರ್ನಲ್‌ಗಳು ಅದನ್ನು ಗೌರವಿಸಲೇಬೇಕು, ಇಲ್ಲವಾದರೆ ಬಳಕೆದಾರರ ಕೈಯಲ್ಲಿರುವ ಯಂತ್ರ ಕೆಡುತ್ತದೆ. ಆದ್ದರಿಂದಲೇ ಕರ್ನಲ್‌ಗೆ ಬರುವ ಬದಲಾವಣೆಗಳ ಪರಿಶೀಲಕರು, ಪ್ರಾಪರ್ಟಿಯು ಯಂತ್ರಾಂಶದ ಸ್ವಭಾವವನ್ನು ಹೇಳಬೇಕೇ ಹೊರತು ಲಿನಕ್ಸ್‌ನ ಇಂದಿನ ಒಳರಚನೆಯನ್ನಲ್ಲ ಎಂದು ಹಠ ಹಿಡಿಯುತ್ತಾರೆ. ಗುಂಡಿಯ ಕೀ ಸಂಖ್ಯೆಯಂತೆ ಲಿನಕ್ಸ್‌ಗೇ ಸೇರಿದ್ದು ಅನಿವಾರ್ಯವಾದಲ್ಲಿ ಹೆಸರಿನ ಮೊದಲಲ್ಲೇ ‘ಲಿನಕ್ಸ್’ ಎಂದು ನಮೂದಿಸುವ ರೂಢಿಯಿದೆ. ಹೊಸಬರಿಗೆ ಈ ಹಠ ಅತಿ ಎನಿಸಬಹುದು, ಆದರೆ ಅದು ಅಗತ್ಯ ಎಂಬುದೇ ನನ್ನ ಅಭಿಪ್ರಾಯ. ಮೊದಲು ಸಾದಾ ಪಠ್ಯದಲ್ಲಿದ್ದ ಈ ಪ್ರಾಪರ್ಟಿಗಳ ವಿವರಣೆಗಳನ್ನು ಈಚಿನ ವರ್ಷಗಳಲ್ಲಿ ಯಾಮಲ್ ಎಂಬ, ಯಂತ್ರವೂ ಓದಬಲ್ಲ ರೂಪಕ್ಕೆ ತರುತ್ತಿರುವುದರಿಂದ ತಪ್ಪುಗಳನ್ನು ಯಂತ್ರವೇ ಪತ್ತೆಹಚ್ಚುತ್ತದೆ. ಆದರೂ ಹೆಸರು ಒಳ್ಳೆಯದೇ ಎಂದು ತೀರ್ಮಾನಿಸಬೇಕಾದವರು ಮನುಷ್ಯರೇ.

ಯಂತ್ರವನ್ನು ಎಬ್ಬಿಸುವ ಗುಂಡಿಗೆ ಹಿಂದೆ ‘ಜಿಪಿಐಒ-ಕೀ,ವೇಕಪ್’ ಎಂಬ ಪ್ರಾಪರ್ಟಿ ಇತ್ತು. ಇಂಥದೇ ಅರ್ಥದ ಹಲವು ಹೆಸರುಗಳು ಬೇರೆ ಡ್ರೈವರ್‌ಗಳಲ್ಲೂ ಹುಟ್ಟಿಕೊಂಡಿದ್ದರಿಂದ ಎಲ್ಲಕ್ಕೂ ‘ವೇಕಪ್-ಸೋರ್ಸ್’ ಎಂಬ ಒಂದೇ ಹೆಸರನ್ನು ನಿಗದಿಮಾಡಲಾಯಿತು. ಗುಂಡಿಗಳ ಡ್ರೈವರ್ ಈಗ ಹೊಸ ಹೆಸರನ್ನು ಮೊದಲು ಹುಡುಕುತ್ತದೆ. ಅದು ಸಿಗದಿದ್ದರೆ, ಕೋಡ್‌ನಲ್ಲಿ ‘ಹಳೆಯ ಹೆಸರು’ ಎಂಬ ಟಿಪ್ಪಣಿಯ ಕೆಳಗೆ, ಹಿಂದಿನದನ್ನೂ ಹುಡುಕುತ್ತದೆ.