ಗೆರೆ ಎಳೆದರೆ ಮಿಡಿಯುವ ನಾದ: ಪ್ಯೂರ್ ಡೇಟಾದ ಹುಟ್ಟು ಮತ್ತು ಹೆಣಿಗೆ

ಪ್ಯೂರ್ ಡೇಟಾ ಎಂಬ ತಂತ್ರಾಂಶದಲ್ಲಿ ಹೊಸ ಕೆಲಸ ಶುರುಮಾಡಿದಾಗ ಎದುರಾಗುವುದು ಒಂದು ಖಾಲಿ ಬಿಳಿ ಹಾಳೆ. ಅದರ ಮೇಲೆ ಪುಟ್ಟ ಪೆಟ್ಟಿಗೆಯೊಂದನ್ನಿಟ್ಟು, ಸೆಕೆಂಡಿಗೆ 220 ಬಾರಿ ಕಂಪಿಸುವ ಅಲೆಯನ್ನು ಹುಟ್ಟಿಸುವಂತೆ ಅದರೊಳಗೆ ಬರೆಯಬೇಕು. ಅದರ ಕೆಳಗೆ ಅಲೆಯನ್ನು ಹತ್ತನೇ ಒಂದು ಭಾಗಕ್ಕೆ ತಗ್ಗಿಸುವ ಗುಣಾಕಾರದ ಪೆಟ್ಟಿಗೆ, ಅದಕ್ಕೂ ಕೆಳಗೆ ಸದ್ದನ್ನು ಸ್ಪೀಕರಿಗೆ ಕಳಿಸುವ ಪೆಟ್ಟಿಗೆ. ಮೂರನ್ನೂ ಗೆರೆಗಳಿಂದ ಜೋಡಿಸಿದರೆ ನಾದ ಹೊಮ್ಮುತ್ತದೆ. ಇದನ್ನು ಷಡ್ಜವೆಂದು ಇಟ್ಟುಕೊಂಡು, ಪಕ್ಕದಲ್ಲಿ 330ರ ಇನ್ನೊಂದು ಪೆಟ್ಟಿಗೆಯಿಂದ ಅದೇ ಗುಣಾಕಾರದ ಪೆಟ್ಟಿಗೆಗೆ ಗೆರೆ ಎಳೆದರೆ ಪಂಚಮವೂ ಜೊತೆಗೂಡುತ್ತದೆ. ಧ್ವನಿಯನ್ನು ಒಮ್ಮೆ ಚಾಲೂ ಮಾಡಿಟ್ಟರೆ ಸಾಕು. ಪ್ರೋಗ್ರಾಮು ಓಡುತ್ತಿರುವಾಗಲೇ ಪೆಟ್ಟಿಗೆ ಸೇರಿಸಬಹುದು, ಗೆರೆ ಅಳಿಸಬಹುದು, ಬದಲಾವಣೆ ಕೂಡಲೇ ಕಿವಿಗೆ ಬೀಳುತ್ತದೆ. ಹೀಗೆ ಚಿತ್ರವೇ ಪ್ರೋಗ್ರಾಮಾಗಿರುವ ರಚನೆಗೆ ಪ್ಯಾಚ್ ಎಂದು ಹೆಸರು. ಹಳೆಯ ಅನಲಾಗ್ ಸಿಂಥಸೈಸರುಗಳ ಭಾಗಗಳನ್ನು ಒಂದಕ್ಕೊಂದು ಜೋಡಿಸುತ್ತಿದ್ದ ತಂತಿಗಳಿಂದ ಬಂದ ಹೆಸರು ಇದು.

ಸಿದ್ಧ ಪೆಟ್ಟಿಗೆಗಳನ್ನು ಜೋಡಿಸಿ ಸಂಗೀತ ಕಟ್ಟುವ ಆಲೋಚನೆ ಪರದೆಗಳ ಕಾಲಕ್ಕಿಂತ ಹಳೆಯದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮ್ಯಾಕ್ಸ್ ಮ್ಯಾಥ್ಯೂಸ್ ಅವರು 1957ರಲ್ಲಿ ಐಬಿಎಂ 704 ಗಣಕದಿಂದ 17 ಸೆಕೆಂಡುಗಳ ಒಂದು ರಚನೆಯನ್ನು ನುಡಿಸಿದರು. ಕೆಲವೇ ವರ್ಷಗಳಲ್ಲಿ ಅವರು ಅಲೆ ಹುಟ್ಟಿಸುವ, ಕೂಡಿಸುವ, ಗುಣಿಸುವ ಸಣ್ಣ ಸಣ್ಣ ಘಟಕಗಳನ್ನು ಸಂಯೋಜಕರ ಕೈಗಿತ್ತು, ಅವುಗಳನ್ನು ಬೇಕಾದಂತೆ ಹೆಣೆದುಕೊಳ್ಳುವ ದಾರಿಯನ್ನು ತೋರಿಸಿದರು. ಆದರೆ ಆ ಕಾಲದ ಗಣಕ ಲೆಕ್ಕವನ್ನೆಲ್ಲ ಮುಗಿಸಿ ಫಲಿತಾಂಶವನ್ನು ಟೇಪಿಗೆ ಇಳಿಸಿದ ಮೇಲೆಯೇ ಸದ್ದು ಕೇಳಿಸುತ್ತಿತ್ತು. ವೇದಿಕೆಯ ಮೇಲೆ ಕಲಾವಿದರ ಜೊತೆ ನುಡಿಯುವುದು ಅದಕ್ಕೆ ಆಗದ ಮಾತಾಗಿತ್ತು.

ಆ ಕೊರತೆ ನೀಗಿದ್ದು ಪ್ಯಾರಿಸ್ಸಿನಲ್ಲಿ. ಸಂಯೋಜಕ ಪಿಯೆರ್ ಬೂಲೆಜ್ ಸ್ಥಾಪಿಸಿದ ಇರ್ಕಾಮ್ ಎಂಬ ಸಂಗೀತ ಸಂಶೋಧನಾ ಸಂಸ್ಥೆಯಲ್ಲಿ ಜುಸೆಪ್ಪೆ ಡಿ ಜುನ್ಯೋ ಅವರು 4ಎಕ್ಸ್ ಎಂಬ ಯಂತ್ರವನ್ನು ಕಟ್ಟಿದ್ದರು. ಆ ಕಾಲದ ಮಟ್ಟಿಗೆ ಧ್ವನಿಯನ್ನು ಆಯಾ ಕ್ಷಣದಲ್ಲೇ ಲೆಕ್ಕಹಾಕಬಲ್ಲ ಅಸಾಧಾರಣ ಶಕ್ತಿ ಅದಕ್ಕಿತ್ತು. ಹಾರ್ವರ್ಡಿನಲ್ಲಿ ಗಣಿತದ ಡಾಕ್ಟರೇಟ್ ಪಡೆದ ಮಿಲ್ಲರ್ ಪಕೆಟ್ 1980ರ ದಶಕದ ನಡುವಿನಲ್ಲಿ ಅಲ್ಲಿಗೆ ಬಂದರು. ಫ್ರೆಂಚ್ ಸಂಯೋಜಕ ಫಿಲಿಪ್ ಮನೂರಿ ಅವರ ಕೃತಿಗಳಲ್ಲಿ ಗಣಕವು ಕಲಾವಿದನನ್ನು ಆಲಿಸುತ್ತ, ಅವನು ಸ್ವರಪಠ್ಯದಲ್ಲಿ ಎಲ್ಲಿದ್ದಾನೆಂದು ಗುರುತಿಸುತ್ತ, ಅವನ ನಡೆಗೆ ತಕ್ಕಂತೆ ನುಡಿಯಬೇಕಾಗಿತ್ತು. 1987ರ ಕೊಳಲಿನ ಕೃತಿ ‘ಜುಪಿಟರ್’ಗೆ ಪಕೆಟ್ ಬರೆದ ಪ್ರೋಗ್ರಾಮು ಅಕ್ಷರರೂಪದಲ್ಲಿತ್ತು. 1988ರಲ್ಲಿ ಪಿಯಾನೊ ಕೃತಿ ‘ಪ್ಲೂಟನ್’ಗಾಗಿ ಅವರು ಅದಕ್ಕೆ ಮ್ಯಾಕಿಂಟಾಷ್ ಗಣಕದಲ್ಲಿ ಚಿತ್ರರೂಪ ಕೊಟ್ಟರು. ಪೆಟ್ಟಿಗೆ ಮತ್ತು ಗೆರೆಗಳ ಚಿತ್ರ ಮ್ಯಾಕಿಂಟಾಷಿನಲ್ಲಿ, ಸದ್ದಿನ ಲೆಕ್ಕವೆಲ್ಲ 4ಎಕ್ಸ್‌ನಲ್ಲಿ. ಈ ತಂತ್ರಾಂಶಕ್ಕೆ ಮ್ಯಾಥ್ಯೂಸ್ ಅವರ ಗೌರವಾರ್ಥವಾಗಿ ಮ್ಯಾಕ್ಸ್ ಎಂದು ಹೆಸರಾಯಿತು. ಹೆಸರಿಗಿಂತ ದೊಡ್ಡ ಋಣವೂ ಇತ್ತು: ಹಲವು ಕೆಲಸಗಳನ್ನು ಕಾಲಕ್ಕೆ ಸರಿಯಾಗಿ ಸರದಿಯಲ್ಲಿ ನಡೆಸುವ ಮ್ಯಾಥ್ಯೂಸ್ ಅವರದೇ ವಿಧಾನದಿಂದ ಪಕೆಟ್ ಪ್ರೇರಣೆ ಪಡೆದಿದ್ದರು.

ಕಾಲವನ್ನು ಕುರಿತ ಈ ಎಚ್ಚರವೇ ಇಡೀ ವಿನ್ಯಾಸದ ಬುಡ ಎಂದು ನನಗೆ ತೋರುತ್ತದೆ. ಪ್ಯಾಚಿನಲ್ಲಿ ಎರಡು ಬಗೆಯ ಗೆರೆಗಳಿವೆ. ತೆಳ್ಳಗಿನ ಗೆರೆಯಲ್ಲಿ ಹರಿಯುವುದು ಸಂದೇಶ. ಕೀಲಿ ಒತ್ತಿದಾಗ, ಗಡಿಯಾರ ಬಡಿದಾಗ, ಅಂದರೆ ಏನಾದರೂ ಸಂಭವಿಸಿದಾಗ ಮಾತ್ರ ಅದು ಹೊರಡುತ್ತದೆ. ದಪ್ಪ ಗೆರೆಯಲ್ಲಿ ಹರಿಯುವುದು ಧ್ವನಿ, ಅದಕ್ಕೆ ಬಿಡುವಿಲ್ಲ. ಧ್ವನಿಯ ಪೆಟ್ಟಿಗೆಗಳ ಹೆಸರಿನ ಕೊನೆಗೆ ಅಲೆಯಾಕಾರದ ಟಿಲ್ಡ್ ಚಿಹ್ನೆಯಿರುವುದರಿಂದ ಯಾವ ಪೆಟ್ಟಿಗೆ ಯಾವ ಲೋಕದ್ದೆಂದು ಕಣ್ಣಿಗೇ ತಿಳಿಯುತ್ತದೆ. ಗಣಕದಲ್ಲಿ ಧ್ವನಿಯೆಂದರೆ ಅಲೆಯ ಎತ್ತರವನ್ನು ಕ್ಷಣಕ್ಷಣಕ್ಕೆ ಹೇಳುವ ಸಂಖ್ಯೆಗಳ ಸಾಲು, ಅಂಥ ಒಂದೊಂದು ಸಂಖ್ಯೆಯೂ ಒಂದು ಮಾದರಿ. ಪ್ಯೂರ್ ಡೇಟಾ ಧ್ವನಿಯನ್ನು ಸಾಮಾನ್ಯವಾಗಿ 64 ಮಾದರಿಗಳ ಕಂತುಗಳಲ್ಲಿ ಲೆಕ್ಕಹಾಕುತ್ತದೆ. ಸೆಕೆಂಡಿಗೆ 44,100 ಮಾದರಿಗಳೆಂದು ಹಿಡಿದರೆ ಒಂದು ಕಂತಿನ ಅವಧಿ ಸುಮಾರು 1.45 ಮಿಲಿಸೆಕೆಂಡು. ಎರಡು ಕಂತುಗಳ ನಡುವೆ ಆ ಹೊತ್ತಿಗೆ ಸಲ್ಲಬೇಕಾದ ಸಂದೇಶಗಳೆಲ್ಲ ತಮ್ಮ ಕೆಲಸ ಮುಗಿಸುತ್ತವೆ, ಅನಂತರ ಮುಂದಿನ ಕಂತಿನ ಲೆಕ್ಕ. ಹೊರಗಿನ ಪ್ರಭಾವವಿಲ್ಲದ ಪ್ಯಾಚೊಂದನ್ನು ವೇಗದ ಗಣಕದಲ್ಲಿ ಓಡಿಸಿದರೂ ನಿಧಾನದ ಗಣಕದಲ್ಲಿ ಓಡಿಸಿದರೂ ಘಟನೆಗಳ ಅನುಕ್ರಮ ಒಂದೇ ಆಗಿರುತ್ತದೆ. ಪರದೆಯ ಚಿತ್ರವನ್ನು ಬಿಡಿಸುವ ಭಾಗವೂ ಸದ್ದನ್ನು ಲೆಕ್ಕಹಾಕುವ ಭಾಗವೂ ಎರಡು ಪ್ರತ್ಯೇಕ ಪ್ರೋಗ್ರಾಮುಗಳಾಗಿರುವುದಕ್ಕೂ ಇದೇ ಕಾರಣ. ಚಿತ್ರ ತಡವಾದೀತು, ಸದ್ದು ತಡವಾಗಬಾರದು.

ಆದರೂ ಕಾಲದ ವಿಷಯದಲ್ಲೇ ಈ ಚಿತ್ರಭಾಷೆಗೆ ಒಂದು ನಿಜವಾದ ದೌರ್ಬಲ್ಯವಿದೆ. ಸಂದೇಶಗಳ ಲೋಕದ ಗುಣಾಕಾರದ ಪೆಟ್ಟಿಗೆಗೆ ತಲೆಯ ಮೇಲೆ ಎರಡು ಬಾಯಿಗಳಿವೆ. ಬಲಬಾಯಿಗೆ ಬಿದ್ದ ಸಂಖ್ಯೆಯನ್ನು ಅದು ಸುಮ್ಮನೆ ನೆನಪಿಟ್ಟುಕೊಳ್ಳುತ್ತದೆ. ಎಡಬಾಯಿಗೆ ಬಿದ್ದಾಗ ಮಾತ್ರ ಗುಣಿಸಿ ಉತ್ತರ ಕೊಡುತ್ತದೆ. ಸಂಖ್ಯೆಯೊಂದರ ವರ್ಗವನ್ನು ಪಡೆಯಲೆಂದು ಹೊಸಬರು ಒಂದೇ ಸಂಖ್ಯೆಯಿಂದ ಎರಡೂ ಬಾಯಿಗಳಿಗೆ ಗೆರೆ ಎಳೆಯುತ್ತಾರೆ, ಅದೂ ಎಡದ್ದನ್ನು ಮೊದಲು. ಆಗ 3 ಕೊಟ್ಟು, ಬಳಿಕ 5 ಕೊಟ್ಟರೆ 25ರ ಬದಲು 15 ಬರುತ್ತದೆ. ಏಕೆಂದರೆ ಎಡಕ್ಕೆ 5 ತಲುಪಿದ ಗಳಿಗೆಯಲ್ಲಿ ಬಲದಲ್ಲಿ ಇನ್ನೂ ಹಳೆಯ 3 ಕುಳಿತಿರುತ್ತದೆ. ಗೆರೆಗಳನ್ನು ಯಾವ ಅನುಕ್ರಮದಲ್ಲಿ ಎಳೆದಿದ್ದೇವೋ ಅದೇ ಅನುಕ್ರಮದಲ್ಲಿ ಸಂದೇಶ ಹೊರಡುತ್ತದೆ, ಆದರೆ ಆ ಅನುಕ್ರಮ ಚಿತ್ರದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಸಂದೇಶಗಳನ್ನು ಬಲದಿಂದ ಎಡಕ್ಕೆ ಸರದಿಯಲ್ಲಿ ಕಳಿಸುವ ಟ್ರಿಗರ್ ಎಂಬ ಪೆಟ್ಟಿಗೆ ಇದಕ್ಕೆ ಪರಿಹಾರ. ಕಲಿಯುವವರು ಮೊದಲ ದಿನವೇ ಅದನ್ನು ರೂಢಿಸಿಕೊಳ್ಳುವುದು ಒಳ್ಳೆಯದು. ಚಿತ್ರವೇ ಪ್ರೋಗ್ರಾಮು ಎಂಬ ಮಾತು ಪೂರ್ತಿ ನಿಜವಾಗುವುದು ಅದನ್ನು ಬಳಸಿದಾಗಲೇ.

ಖಾಲಿ ಹಾಳೆಯೂ ಯೋಚಿಸಿ ಮಾಡಿದ ಆಯ್ಕೆಯೇ. ಅದರಲ್ಲಿ ಐದು ಗೆರೆಗಳ ಪಾಶ್ಚಾತ್ಯ ಸ್ವರಪಟ್ಟಿಯಿಲ್ಲ, ಹನ್ನೆರಡು ಸ್ವರಗಳ ಕೀಲಿಮಣೆಯಿಲ್ಲ, ತಾಳದ ಅಂಕಣಗಳಿಲ್ಲ. ಸ್ವರ ಎನ್ನುವುದೂ ಬಳಸುವವರೇ ಕಟ್ಟಿಕೊಳ್ಳಬೇಕಾದ ವಸ್ತು. ಒಂದು ಕಂಪನಾಂಕದಿಂದ ಇನ್ನೊಂದಕ್ಕೆ ಇಷ್ಟು ಮಿಲಿಸೆಕೆಂಡುಗಳಲ್ಲಿ ಜಾರಬೇಕೆಂದು ಹೇಳಲು ಒಂದೇ ಪೆಟ್ಟಿಗೆ ಸಾಕಾಗುವುದರಿಂದ, ಗಮಕವನ್ನು ಸ್ವರಗಳ ಮೆಟ್ಟಿಲುಗಳಾಗಿ ಒಡೆಯದೆ ಎಳೆಯಾಗಿಯೇ ವಿವರಿಸಲು ಇಲ್ಲಿ ಎಡೆಯಿದೆ. ಕೀಲಿಮಣೆಯ ಕಟ್ಟಳೆಗಳಿಂದ ಆರಂಭವಾಗುವ ತಂತ್ರಾಂಶಗಳಲ್ಲಿ ಈ ಕೆಲಸ ಎಷ್ಟು ತೊಡಕಿನದೆಂದು ಬಲ್ಲವರಿಗೆ ಈ ಬಿಳಿ ಹಾಳೆಯ ಬೆಲೆ ಗೊತ್ತಾಗುತ್ತದೆ.

ಇತಿಹಾಸದ ಉಳಿದ ಭಾಗ ಯಂತ್ರಗಳ ಅಳಿವಿನ ಕಥೆ. 4ಎಕ್ಸ್‌ನ ಜಾಗಕ್ಕೆ ಇರ್ಕಾಮ್ ನೆಕ್ಸ್ಟ್ ಗಣಕದೊಳಗೆ ಕೂರಿಸುವ ಧ್ವನಿ ಫಲಕಗಳನ್ನು ತಂದಿತು. ಮ್ಯಾಕ್ಸ್‌ನ ಪೆಟ್ಟಿಗೆಗಳೊಳಗೇ ಸದ್ದೂ ಹರಿಯತೊಡಗಿತು. 1993ರಲ್ಲಿ ನೆಕ್ಸ್ಟ್ ಕಂಪನಿ ಗಣಕಗಳ ತಯಾರಿಕೆಯನ್ನೇ ನಿಲ್ಲಿಸಿತು. ಇತ್ತ ಓಪ್‌ಕೋಡ್ ಕಂಪನಿ 1990ರಿಂದ ಡೇವಿಡ್ ಜಿಕರೆಲ್ಲಿ ಅವರು ಬೆಳೆಸಿದ ಮ್ಯಾಕ್ಸ್ ಅನ್ನು ಮಾರುತ್ತಿತ್ತು, ಆದರೆ ಅದು ಸಂದೇಶಗಳನ್ನು ಕಳಿಸಬಲ್ಲದಾಗಿತ್ತೇ ಹೊರತು ತಾನೇ ಸದ್ದು ಮಾಡುತ್ತಿರಲಿಲ್ಲ. 1994ರಲ್ಲಿ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಬಂದ ಪಕೆಟ್, ತಮ್ಮ ಆಲೋಚನೆಗಳನ್ನು ಮೊದಲಿನಿಂದ ಬರೆಯಲು ಕುಳಿತರು. 1996ರಲ್ಲಿ ಹೊರಬಂದ ಪ್ಯೂರ್ ಡೇಟಾ ಸಾಮಾನ್ಯ ಗಣಕಗಳ ಮೇಲೆ, ಯಾವ ವಿಶೇಷ ಫಲಕದ ಹಂಗೂ ಇಲ್ಲದೆ ಓಡುತ್ತಿತ್ತು. ಅದರ ಧ್ವನಿಭಾಗದ ಆಧಾರದ ಮೇಲೆಯೇ 1997ರಲ್ಲಿ ಜಿಕರೆಲ್ಲಿ ಅವರ ಮ್ಯಾಕ್ಸ್‌ಗೂ ಸದ್ದು ಬಂದಿತು.

ಪ್ಯೂರ್ ಡೇಟಾದ ಆಕರ ಸಂಕೇತಗಳನ್ನು ಪಕೆಟ್ ಬಿಎಸ್‌ಡಿ ಪರವಾನಗಿಯಡಿ ಎಲ್ಲರಿಗೂ ತೆರೆದಿಟ್ಟರು. ಯಾರು ಬೇಕಾದರೂ ತಿದ್ದಬಹುದು, ಹಂಚಬಹುದು, ಮಾರುವ ಸರಕಿನೊಳಗೂ ಬಳಸಬಹುದು. ಮಾರ್ಕ್ ಡ್ಯಾಂಕ್ಸ್ ಬರೆದ ಜೆಮ್ ಇದಕ್ಕೆ ಮೂರು ಆಯಾಮಗಳ ಚಿತ್ರಗಳನ್ನು ಸೇರಿಸಿತು. 2010ರಲ್ಲಿ ಬಂದ ಲಿಬ್‌ಪಿಡಿ, ಪ್ಯಾಚನ್ನು ಫೋನಿನ ಆಪ್‌ಗಳೊಳಗೆ ಅಡಗಿಸಿಡುವ ದಾರಿ ಮಾಡಿಕೊಟ್ಟಿತು. ರಾಸ್‌ಬೆರಿ ಪೈ ಎಂಬ ಪುಟ್ಟ ಅಗ್ಗದ ಗಣಕವನ್ನು ಹಾಕಿ ಸ್ವಂತ ವಾದ್ಯ ಕಟ್ಟುವವರಿಗೂ ಇದು ಒದಗುತ್ತದೆ. ಇಷ್ಟೆಲ್ಲ ಕವಲೊಡೆದರೂ ಪಕೆಟ್ ತಾವು ನೋಡಿಕೊಳ್ಳುವ ಮೂಲ ಆವೃತ್ತಿಯನ್ನು ಚಿಕ್ಕದಾಗಿಯೇ ಇಟ್ಟರು. ಅದರ ಚಹರೆ ಹಳೆಯದೆನಿಸುವುದು ನಿಜ. ಆದರೆ ಚಿಕ್ಕದನ್ನು ಹೊಸ ಯಂತ್ರಕ್ಕೆ ಒಯ್ಯುವುದು ಸುಲಭ. ಪ್ಯಾಚಿನ ಕಡತವೂ ಸರಳ ಅಕ್ಷರಗಳಲ್ಲಿದೆ: ಯಾವ ಪೆಟ್ಟಿಗೆ ಎಲ್ಲಿದೆ, ಎಷ್ಟನೆಯದರ ಗೆರೆ ಎಷ್ಟನೆಯದಕ್ಕೆ ಸೇರುತ್ತದೆ ಎಂಬ ಸಾಲುಗಳಷ್ಟೇ. ತಂತ್ರಾಂಶವೇ ಕೈಗೆ ಸಿಗದಿದ್ದರೂ ಮನುಷ್ಯರು ಅದನ್ನು ಓದಿ ಅರ್ಥಮಾಡಿಕೊಳ್ಳಬಹುದು.

ಇದಕ್ಕೆ ಇಷ್ಟು ಕಾಳಜಿ ಏಕೆ ಬೇಕಿತ್ತು ಎಂಬುದನ್ನು ಆ ಮೊದಲ ಕೃತಿಗಳೇ ಹೇಳುತ್ತವೆ. ‘ಪ್ಲೂಟನ್’ನ ಪಿಯಾನೊ ಭಾಗ ಕಾಗದದ ಮೇಲಿತ್ತು, ಪಿಯಾನೊ ಇರುವಷ್ಟು ಕಾಲ ಅದಕ್ಕೆ ಭಯವಿಲ್ಲ. ಉಳಿದರ್ಧ 4ಎಕ್ಸ್ ಯಂತ್ರದೊಳಗಿತ್ತು, ಆ ಯಂತ್ರ ಕೆಲಸ ನಿಲ್ಲಿಸಿದರೆ ಕೃತಿಯೂ ಮೂಕವಾಗುತ್ತಿತ್ತು. ಅದನ್ನೂ ಆ ಕಾಲದ ಇನ್ನು ಕೆಲವು ಕೃತಿಗಳನ್ನೂ ಪಕೆಟ್ ಪ್ಯೂರ್ ಡೇಟಾದಲ್ಲಿ ಮರಳಿ ಕಟ್ಟಿ, ಆ ಪ್ಯಾಚುಗಳನ್ನು ಯಾರು ಬೇಕಾದರೂ ಪಡೆಯುವಂತೆ ಹಂಚಿದರು. ಇಂದು ‘ಪ್ಲೂಟನ್’ ನುಡಿಸಬಯಸುವ ಪಿಯಾನೊ ವಾದಕರಿಗೆ 4ಎಕ್ಸ್ ಬೇಕಿಲ್ಲ, ಅದರ ಕೆಲಸಕ್ಕೆ ಒಂದು ಸಾಧಾರಣ ಲ್ಯಾಪ್‌ಟಾಪು ಸಾಕು.