ಮೊದಲ ಸಾಲಿಗೆ ಗೀಟು ಹಾಕಬೇಡಿ: ಇಂಟ್ರಾನೆಟ್ ಪ್ಲ್ಯಾನಿಂಗ್‌ನ ಲೆಕ್ಕ

ದಾವಣಗೆರೆಯ ಪಿ.ಬಿ. ರಸ್ತೆಯ ಒಂದು ಆಫೀಸಿನಲ್ಲಿ ಕೊಟೇಶನ್ ಮುಂದಿಟ್ಟುಕೊಂಡು ಕೂತಿದ್ದೆವು. ಕಂಪನಿಯ ನೌಕರರಿಗಾಗಿ ಒಳಗಿನ ಜಾಲತಾಣ, ಅಂದರೆ ಇಂಟ್ರಾನೆಟ್ ಮಾಡುವ ಕೆಲಸ. ಒಟ್ಟು 9 ಲಕ್ಷ ರೂಪಾಯಿ. ಯಜಮಾನರು ಪೆನ್ನು ತೆಗೆದು ಮೊದಲ ಸಾಲಿಗೇ ಗೀಟು ಹಾಕಿದರು. ಆ ಸಾಲಿನಲ್ಲಿ ಇದ್ದದ್ದು 'ಪ್ಲ್ಯಾನಿಂಗ್ ಮತ್ತು ಡಿಸೈನ್: 2 ಲಕ್ಷ'.

"ಮಾತಾಡೋದಕ್ಕೂ ದುಡ್ಡಾ ಸಾರ್? ನಮಗೇನು ಬೇಕು ಅಂತ ನಾವೇ ಹೇಳ್ತೀವಲ್ರೀ, ಕೆಲಸ ಶುರು ಮಾಡ್ರಿ" ಅಂದರು.

ಈ ಮಾತನ್ನು ನಾನು ಬಹಳ ಕಡೆ ಕೇಳಿದ್ದೇನೆ. ಹಾಗನ್ನುವವರ ಮೇಲೆ ನನಗೆ ಬೇಸರವಿಲ್ಲ. ಡೆವಲಪರ್ ಕೆಲಸ ಮಾಡಿದರೆ ಸ್ಕ್ರೀನ್ ಮೇಲೆ ಏನೋ ಬರುತ್ತದೆ. ಪ್ಲ್ಯಾನಿಂಗ್‌ನಿಂದ ಕೈಗೆ ಸಿಗುವುದು ಹತ್ತಿಪ್ಪತ್ತು ಹಾಳೆ. ಸ್ವಂತ ದುಡ್ಡು ಹಾಕುವವರಿಗೆ ಹಾಳೆಗೆ ಯಾಕೆ ಇಷ್ಟು ಕೊಡಬೇಕು ಅನ್ನಿಸುವುದು ಸಹಜ. ಆದರೆ ಹಾಗೆ ಉಳಿಸಿದ ದುಡ್ಡು ಉಳಿದದ್ದನ್ನು ನಾನು ನೋಡಿಲ್ಲ.

ಗ್ರಾಹಕರಿಗಾಗಿ ಮಾಡಿದ ವೆಬ್‌ಸೈಟ್ ಚೆನ್ನಾಗಿಲ್ಲದಿದ್ದರೆ ಅವರು ಬೇರೆ ಕಡೆ ಹೋಗುತ್ತಾರೆ, ವ್ಯಾಪಾರ ಕಮ್ಮಿಯಾದದ್ದು ಗೊತ್ತಾಗುತ್ತದೆ. ನೌಕರರು ಎಲ್ಲಿಗೂ ಹೋಗುವ ಹಾಗಿಲ್ಲ. ಫಾರಂ ಸಿಗದಿದ್ದರೆ ಎಚ್‌ಆರ್‌ಗೆ ಫೋನ್ ಮಾಡುತ್ತಾರೆ, ಪಕ್ಕದವರನ್ನು ಕೇಳುತ್ತಾರೆ, ಕೊನೆಗೆ ಕಾಗದದಲ್ಲೇ ಬರೆದು ಕೊಡುತ್ತಾರೆ. 200 ಜನರಿಗೆ ದಿನಕ್ಕೆ ಐದೇ ನಿಮಿಷ ಹೀಗೆ ಹೋಯಿತು ಅಂದುಕೊಳ್ಳಿ. 25 ದಿನದ ತಿಂಗಳಿಗೆ ಸುಮಾರು 417 ಗಂಟೆ. ಇಬ್ಬರು ನೌಕರರ ಪೂರ್ತಿ ತಿಂಗಳ ದುಡಿಮೆ. ಇದು ಯಾವ ಲೆಕ್ಕದ ಪುಸ್ತಕದಲ್ಲೂ ಬರುವುದಿಲ್ಲ.

ಹಾಗಾದರೆ ಆ ಮಾತುಕತೆಯಲ್ಲಿ ಏನು ಸಿಗುತ್ತದೆ? ಹರಿಹರದ ಕಡೆ ಮೂರು ಶಿಫ್ಟ್ ನಡೆಯುವ ಒಂದು ಘಟಕದಲ್ಲಿ ನಡೆದದ್ದು ಹೇಳುತ್ತೇನೆ. ಇಂಟ್ರಾನೆಟ್‌ನಲ್ಲಿ ಬರಬೇಕಾದ ಒಂದೊಂದು ವಿಷಯವನ್ನೂ ಒಂದೊಂದು ಚೀಟಿಯಲ್ಲಿ ಬರೆದೆವು. ರಜೆ ಅರ್ಜಿ, ಸಂಬಳದ ಚೀಟಿ, ಗೇಟ್ ಪಾಸ್, ಹೀಗೆ 40 ಚೀಟಿ. ಕ್ಯಾಂಟೀನ್ ಟೇಬಲ್ ಮೇಲೆ ಹರಡಿ, "ಯಾವುದರ ಜೊತೆ ಯಾವುದು ಇರಬೇಕು, ನೀವೇ ಗುಂಪು ಮಾಡಿ" ಅಂತ ಕೇಳಿದೆವು. ಎಚ್‌ಆರ್‌ನ ಮೇಡಂ 'ಗೇಟ್ ಪಾಸ್' ಚೀಟಿಯನ್ನು ರಜೆಯ ಪಕ್ಕ ಇಟ್ಟರು. ಸ್ಟೋರ್ ಕೀಪರ್ ಕನ್ನಡಕ ಸರಿಮಾಡಿಕೊಂಡು ಬಂದು ಅದನ್ನು ಎತ್ತಿ ಸ್ಟಾಕ್ ಗುಂಪಿಗೆ ಹಾಕಿದರು. "ಇದಿಲ್ಲದೆ ಮಾಲು ಹೊರಗೆ ಹೋಗಲ್ಲ ಮೇಡಂ" ಅಂದರು. "ನಮ್ಮಲ್ಲಿ ಇದಿಲ್ಲದೆ ಜನ ಹೊರಗೆ ಹೋಗಲ್ಲ" ಅಂದರು ಮೇಡಂ.

ಒಂದೇ ಹೆಸರು, ಎರಡು ಬೇರೆ ಕಾಗದ. ಎಷ್ಟೋ ವರ್ಷದಿಂದ ಎರಡೂ ನಡೆಯುತ್ತಿದ್ದವು, ಯಾರಿಗೂ ತೊಂದರೆ ಆಗಿರಲಿಲ್ಲ. ಆದರೆ ಕೊಟೇಶನ್‌ನಲ್ಲಿ ಇದ್ದದ್ದು ಒಂದೇ ಗೇಟ್ ಪಾಸ್ ಫಾರಂ. ಎಲ್ಲ ಕಟ್ಟಿದ ಮೇಲೆ ಇದು ಗೊತ್ತಾಗಿದ್ದರೆ ಇನ್ನೊಂದು ಫಾರಂ, ಯಾರು ಸಹಿ ಮಾಡಬೇಕು ಅನ್ನುವ ಇನ್ನೊಂದು ಸಾಲು, ಡೇಟಾಬೇಸ್‌ನಲ್ಲಿ ಬದಲಾವಣೆ, ಮತ್ತೆ ಟೆಸ್ಟಿಂಗ್. ಚೀಟಿ ಹರಡಿದ್ದು ಅರ್ಧ ದಿನ ಅಷ್ಟೇ. ಬಾಸ್ ರೂಮಿನಲ್ಲಿ ಕೂತು ಪಟ್ಟಿ ಮಾಡಿದ್ದರೆ ಇದು ಹೊರಗೆ ಬರುತ್ತಿರಲಿಲ್ಲ.

ಎಷ್ಟು ದುಡ್ಡು ಇಡಬೇಕು? ನಾನು ಒಟ್ಟು ಬಜೆಟ್‌ನ ಶೇ 20ರಿಂದ 25 ಇಡಿ ಅನ್ನುತ್ತೇನೆ. ಬಳಸುವವರ ಕೈಗೆ ಕೊಟ್ಟು ಪರೀಕ್ಷೆ ಮಾಡುವ ಖರ್ಚೂ ಇದರಲ್ಲೇ. ಈ ಪರೀಕ್ಷೆಯ ವಿಷಯದಲ್ಲಿ ಹೆಸರಾದ ಜೇಕಬ್ ನೀಲ್ಸನ್ ಅದೊಂದಕ್ಕೇ ಡಿಸೈನ್ ಬಜೆಟ್‌ನ ಸುಮಾರು ಶೇ 10 ಇಡಬೇಕು ಎಂದಿದ್ದಾರೆ. ಒಂದು ಸುತ್ತಿನ ಪರೀಕ್ಷೆಗೆ ಐದು ಜನ ಸಾಕು ಎಂದು ಅವರು 2000ದಲ್ಲೇ ಬರೆದರು. ಐದು ಜನರನ್ನು ಕೂರಿಸಿ "ರಜೆ ಹಾಕಿ ನೋಡೋಣ" ಅಂದರೆ ದೊಡ್ಡ ತೊಡಕುಗಳಲ್ಲಿ ಹೆಚ್ಚಿನವು ಎದುರಿಗೇ ಬರುತ್ತವೆ. ಇದು ಯಾವ ಊರಿನ ಕಂಪನಿಗೂ ಭಾರವಲ್ಲ.

ಕಂಪನಿ ಸಣ್ಣದಾದರೆ ಈ ಪಾಲು ಕಮ್ಮಿಯಾಗುವುದಿಲ್ಲ, ಜಾಸ್ತಿಯಾಗುತ್ತದೆ. 50 ಜನರ ಕಂಪನಿಯಲ್ಲೂ ಅಕೌಂಟ್ಸ್, ಸ್ಟೋರ್, ಎಚ್‌ಆರ್ ಇದ್ದೇ ಇರುತ್ತವೆ ಅಲ್ವಾ? ಎಲ್ಲರ ಹತ್ತಿರವೂ ಕೂತು ಮಾತಾಡಲೇಬೇಕು.

ಹಳೇ ಕಡತಗಳ ಖರ್ಚನ್ನು ಎಲ್ಲರೂ ಮರೆಯುತ್ತಾರೆ. ನಮ್ಮ ಕಡೆ ಇದು ದೊಡ್ಡ ಕೆಲಸ. ಸುತ್ತೋಲೆ, ನೋಟಿಸು ಎಲ್ಲ ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಆಗಿರುತ್ತವೆ. ಕಣ್ಣಿಗೆ ಅದು ಕನ್ನಡ. ಕಂಪ್ಯೂಟರ್‌ಗೆ ಅದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು. ಹಾಗೇ ಇಂಟ್ರಾನೆಟ್‌ಗೆ ಏರಿಸಿದರೆ, ನೌಕರರು ಮೊಬೈಲ್‌ನಲ್ಲಿ ಯೂನಿಕೋಡ್ ಕನ್ನಡದಲ್ಲಿ, ಅಂದರೆ ಕಂಪ್ಯೂಟರ್‌ಗೂ ಕನ್ನಡವೇ ಆದ ಅಕ್ಷರಗಳಲ್ಲಿ, 'ಬೋನಸ್' ಅಂತ ಹುಡುಕಿದಾಗ ಒಂದೂ ಸಿಗುವುದಿಲ್ಲ. ಬದಲಾಯಿಸುವ ಸಾಫ್ಟ್‌ವೇರ್ ಇದೆ, ಆದರೆ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಡುತ್ತವೆ. ಒಬ್ಬರು ಕೂತು ಓದಿ ತಿದ್ದಬೇಕು. ಹಾಗಾಗಿ ಯಾವ ಕಡತ ಬೇಕು, ಯಾವುದು ಬೇಡ ಅಂತ ಮೊದಲೇ ಆರಿಸಿ. ಎಷ್ಟೋ ಕಡೆ ಅರ್ಧಕ್ಕರ್ಧ ಬೇಡವಾದವೇ ಇರುತ್ತವೆ.

ಯಾರಿಗೆ ಏನು ಕಾಣಬೇಕು ಅನ್ನುವುದನ್ನೂ ಈ ಹಂತದಲ್ಲೇ ಬರೆದಿಡಬೇಕು. ಸಂಬಳದ ವಿವರ, ವೈದ್ಯರ ಸರ್ಟಿಫಿಕೇಟ್ ಎಲ್ಲರಿಗೂ ಕಾಣುವ ಹಾಗಿರಬಾರದು. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾನೂನೇ ಬಂದಿದೆ.

ಇನ್ನು ನಿಮ್ಮದೇ ಜನರ ಸಮಯ. ಅದು ಸುಮ್ನೆ ಸಿಗುವುದಲ್ಲ. ಹತ್ತು ಜನ ತಲಾ 12 ಗಂಟೆ ಕೊಟ್ಟರೆ 120 ಗಂಟೆ. ಬಜೆಟ್‌ನಲ್ಲಿ ಅದನ್ನೂ ಬರೆಯಿರಿ. ಮಾರ್ಚ್ ಕೊನೆಯಲ್ಲಿ ಅಕೌಂಟ್ಸ್‌ನವರನ್ನು, ಮೆಕ್ಕೆಜೋಳದ ಸೀಸನ್‌ನಲ್ಲಿ ಗೋದಾಮಿನವರನ್ನು ಕರೆಯಬೇಡಿ. ಬಂದರೂ ಮನಸ್ಸು ಅಲ್ಲಿರುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಪ್ಲ್ಯಾನಿಂಗ್‌ಗೆ ಬೇರೆ ವರ್ಕ್ ಆರ್ಡರ್ ಕೊಡಿ. "ಡೆವಲಪ್‌ಮೆಂಟ್ ನಮಗೇ ಕೊಟ್ಟರೆ ಪ್ಲ್ಯಾನಿಂಗ್ ಫ್ರೀ" ಅನ್ನುವವರು ತಮ್ಮ ಹತ್ತಿರ ಈಗಾಗಲೇ ಏನಿದೆಯೋ ಅದಕ್ಕೆ ಹೊಂದುವ ಹಾಗೆ ಪ್ಲ್ಯಾನ್ ಮಾಡುತ್ತಾರೆ. ಪ್ಲ್ಯಾನ್ ಇಲ್ಲದೆ ಮೂರು ಕಡೆ ಕೊಟೇಶನ್ ಕೇಳಿದರೆ ಒಬ್ಬರು 3 ಲಕ್ಷ, ಇನ್ನೊಬ್ಬರು 7, ಮತ್ತೊಬ್ಬರು 12 ಅನ್ನುತ್ತಾರೆ. ಅವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬೊಬ್ಬರ ತಲೆಯಲ್ಲೂ ಬೇರೆ ಬೇರೆ ಇಂಟ್ರಾನೆಟ್ ಇದೆ, ಅಷ್ಟೇ. ಒಂದೇ ಹಾಳೆ ನೋಡಿ ದರ ಹೇಳಿದಾಗ ಮಾತ್ರ ಹೋಲಿಸಲು ಬರುತ್ತದೆ. ಜಿಎಸ್‌ಟಿ ಬೇರೆಯಾ ಅಂತಲೂ ನೋಡಿ. 2 ಲಕ್ಷಕ್ಕೆ ಶೇ 18 ಅಂದರೆ 36,000 ರೂಪಾಯಿ.

ಪಿ.ಬಿ. ರಸ್ತೆಯ ಯಜಮಾನರು ಕೊನೆಗೆ, "ಆಯ್ತು, ಮೊದಲು 60 ಸಾವಿರಕ್ಕೆ ಎಷ್ಟಾಗುತ್ತೋ ಅಷ್ಟು ಮಾಡ್ರಿ" ಅಂದರು. ಮೂರು ವಾರ ಎಲ್ಲ ವಿಭಾಗಗಳಲ್ಲಿ ಕೂತೆವು. ಪಟ್ಟಿಯಲ್ಲಿದ್ದ 14 ಭಾಗಗಳಲ್ಲಿ ಐದು ಬೇಡವೇ ಬೇಡ ಅಂತ ಗೊತ್ತಾಯಿತು. ಹಾಜರಾತಿಯನ್ನು ಬೆರಳಚ್ಚಿನ ಮಷಿನ್ ಜೊತೆ ಬಂದ ಸಾಫ್ಟ್‌ವೇರ್ ಆಗಲೇ ಮಾಡುತ್ತಿತ್ತು. ಪಟ್ಟಿಯಲ್ಲಿ ಇಲ್ಲದೇ ಇದ್ದ ಒಂದು ಸೇರಿತು: ಯಾರ ಎಕ್ಸ್‌ಟೆನ್ಶನ್ ನಂಬರ್ ಯಾವುದು ಅನ್ನುವ ಪುಟ. ಈಗ ಅಲ್ಲಿ ಜಾಸ್ತಿ ತೆರೆಯುವುದು ಅದೇ ಪುಟ. ಡಿಸೈನ್‌ಗೆ ಉಳಿದ ದುಡ್ಡನ್ನು ಆಮೇಲೆ ನಾವು ಕೇಳದೇ ಇದ್ದರೂ ಯಜಮಾನರೇ ಮಂಜೂರು ಮಾಡಿದರು.

ನೀವು ವರ್ಕ್ ಆರ್ಡರ್ ಬರೆಯುವಾಗ ಒಂದು ಸಾಲು ಬಿಡಬೇಡಿ: ಪ್ಲ್ಯಾನಿಂಗ್ ವರದಿ, ಪುಟಗಳ ಸ್ಕೆಚ್, ಡಿಸೈನ್ ಫೈಲ್ ಎಲ್ಲವೂ ಕಂಪನಿಯ ಸ್ವತ್ತು, ಕೊನೆಯ ಕಂತಿನ ಮೊದಲು ತಿದ್ದಲು ಬರುವ ರೂಪದಲ್ಲಿ ಕೈಗೆ ಕೊಡಬೇಕು. ಬರೀ ಪಿಡಿಎಫ್ ಕೊಟ್ಟರೆ ತೆಗೆದುಕೊಳ್ಳಬೇಡಿ.