ಹಲ್ಲು ಕೀಳಿಸಲು ಭಯವೇ? ಮಾತ್ರೆಗಿಂತ ಮೊದಲು ಕೇಳಬೇಕಾದದ್ದು

"ಡಾಕ್ಟ್ರೆ, ಒಂದು ನಿದ್ದೆ ಮಾತ್ರೆ ಕೊಟ್ಬಿಡಿ. ನಂಗೆ ಏನೂ ಗೊತ್ತಾಗ್ಬಾರದು."

ಶಿರಸಿಯ ನನ್ನ ಕ್ಲಿನಿಕ್ಕಿನಲ್ಲಿ ಈ ಮಾತು ಆಗಾಗ ಕೇಳಿಬರುತ್ತದೆ. ಹೇಳುವವರೆಲ್ಲ ಪುಕ್ಕಲರಲ್ಲ. ಅಡಿಕೆ ಮರದ ತುದಿಗೆ ಹೋಗಿ ಕೊನೆ ಇಳಿಸುವ ಕೊನೆಗೌಡರೂ ಇವರಲ್ಲಿದ್ದಾರೆ. ಡ್ರಿಲ್ಲಿನ ಸದ್ದಿಗೆ ಮಾತ್ರ ಅವರ ಅಂಗೈ ಬೆವರುತ್ತದೆ.

ಅಂಥ ಮಾತ್ರೆಗಳು ಇವೆ. ಡಯಾಜೆಪಾಮ್, ಲೋರಾಜೆಪಾಮ್, ಅಲ್ಪ್ರಜೋಲಾಮ್, ಎಲ್ಲ ಒಂದೇ ಕುಟುಂಬದವು. ಮಿದುಳಿನ ಗಡಿಬಿಡಿಯನ್ನು ತಗ್ಗಿಸುತ್ತವೆ. ಆದರೆ ಇದು ಆಪರೇಷನ್ ಥಿಯೇಟರಿನ ಅನಸ್ತೇಶಿಯಾ ಅಲ್ಲ. ನೀವು ಮಂಪರಿನಲ್ಲಿರುತ್ತೀರಿ, ಹೆಸರು ಹಿಡಿದು ಕರೆದರೆ ಓಗೊಡುತ್ತೀರಿ. ನೋವಿಗೂ ಇದಕ್ಕೂ ಸಂಬಂಧವಿಲ್ಲ, ಒಸಡಿಗೆ ಇಂಜೆಕ್ಷನ್ ಬೇಕೇ ಬೇಕು. "ಚುಚ್ಚಿದ್ದೇ ಗೊತ್ತಾಗ್ಲಿಲ್ಲ" ಅಂತ ಆಮೇಲೆ ಹೇಳುವವರಿಗೆ ಆಗ ಗೊತ್ತಾಗಿರುತ್ತದೆ. ನೆನಪು ಉಳಿದಿರುವುದಿಲ್ಲ, ಅಷ್ಟೇ.

ನುಂಗುವ ಮಾತ್ರೆಯ ದೊಡ್ಡ ತೊಂದರೆ ಎಂದರೆ ಅದರ ಅಳತೆ ನಮ್ಮ ಕೈಯಲ್ಲಿ ಇರುವುದಿಲ್ಲ. ನರಕ್ಕೆ ಕೊಡುವ ಔಷಧವನ್ನು ಸ್ವಲ್ಪ ಸ್ವಲ್ಪವೇ ಬಿಟ್ಟು, ನೋಡಿಕೊಂಡು ನಿಲ್ಲಿಸಬಹುದು. ಮಾತ್ರೆ ಹೊಟ್ಟೆಗೆ ಹೋದ ಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಬೇಕು. ಅದೇ ಡೋಸಿಗೆ ಒಬ್ಬರು ಜಗ್ಗುವುದಿಲ್ಲ, ಇನ್ನೊಬ್ಬರು ತೂಕಡಿಸಿ ಬೀಳುತ್ತಾರೆ. ವಯಸ್ಸಾದವರಿಗೆ ಕಡಿಮೆ ಡೋಸೇ ಜಾಸ್ತಿಯಾಗಬಹುದು. "ಏನೂ ಆಗ್ಲಿಲ್ಲ, ಇನ್ನೊಂದು ಕೊಡಿ" ಅಂದರೆ ನಾನು ಕೊಡುವುದಿಲ್ಲ. ತಡವಾಗಿ ಹತ್ತಿದ ಮೊದಲನೆಯದೂ ಎರಡನೆಯದೂ ಸೇರಿಕೊಂಡರೆ ಉಸಿರಾಟ ನಿಧಾನವಾಗುತ್ತದೆ. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸುವುದು, ಆಕ್ಸಿಜನ್ ಸಿಲಿಂಡರ್ ಪಕ್ಕದಲ್ಲೇ ಇಟ್ಟುಕೊಳ್ಳುವುದು ಅದಕ್ಕೇ. ಇದಕ್ಕೆ ಫ್ಲುಮಾಜೆನಿಲ್ ಎಂಬ ಪ್ರತಿಮದ್ದು ಇದೆ, ನರಕ್ಕೇ ಕೊಡಬೇಕು. ಅದರ ಪ್ರಭಾವ ಬೇಗ ಇಳಿದು ಮಂಪರು ಮತ್ತೆ ಬರುವುದೂ ಉಂಟು. ಈ ಸಲಕರಣೆ, ತರಬೇತಿ ಎರಡೂ ಇಲ್ಲದ ಕಡೆ ಈ ಮಾತ್ರೆ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಕುರ್ಚಿಯಲ್ಲಿರುವಷ್ಟು ಹೊತ್ತು ನಾನು ನೋಡಿಕೊಳ್ಳುತ್ತೇನೆ. ಮನೆಗೆ ಹೋಗುವುದು ಹೇಗೆ? ನಮ್ಮೂರಿನಲ್ಲಿ ಇದೇ ಕಷ್ಟದ ಪ್ರಶ್ನೆ. ಡಯಾಜೆಪಾಮ್ ಮೈಯಲ್ಲಿ ಅರ್ಧಕ್ಕೆ ಇಳಿಯಲಿಕ್ಕೇ ಒಂದೆರಡು ದಿನ ಹಿಡಿಯಬಹುದು. "ಆರಾಮಿದ್ದೇನೆ" ಅನ್ನುವವರಿಗೂ ದೇವಿಮನೆ ಘಟ್ಟದ ತಿರುವು ಬಂದಾಗ ಕೈ ತಡವಾಗಿ ಓಡುತ್ತದೆ. "ಮಗ ಬೈಕ್ ತರ್ತಾನೆ, ಹಿಂದೆ ಕೂತು ಹೋಗ್ತೇನೆ" ಅಂದರೂ ಒಪ್ಪುವುದಿಲ್ಲ, ತೂಕಡಿಸುವವರಿಗೆ ಹಿಂದಿನ ಸೀಟೂ ಅಪಾಯವೇ. ಕಾರೋ ರಿಕ್ಷಾವೋ ಬೇಕು, ಡ್ರೈವರ್ ಬಿಟ್ಟು ಇನ್ನೊಬ್ಬರು ಪಕ್ಕದಲ್ಲಿ ಇರಬೇಕು. ಮಳೆಗಾಲದಲ್ಲಿ ರಸ್ತೆಗೆ ಮರ ಬೀಳುತ್ತದೆ, ಫೋನ್ ಸಿಗುವುದಿಲ್ಲ. ಹಾಗಾಗಿ ಇಂಥವರಿಗೆ ಬೆಳಿಗ್ಗೆಯೇ ಸಮಯ ಕೊಡುತ್ತೇನೆ. ಕಡೇಪಕ್ಷ 24 ಗಂಟೆ ಗಾಡಿ ಓಡಿಸುವುದು, ಮರ ಹತ್ತುವುದು, ಕಳೆ ಕತ್ತರಿಸುವ ಮಷಿನ್ ಹಿಡಿಯುವುದು ಬೇಡ. ಜಮೀನಿನ ಕಾಗದಕ್ಕೆ ಸಹಿ ಹಾಕುವುದೂ ಬೇಡ!

ಈಗಾಗಲೇ ತಿನ್ನುತ್ತಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಬನ್ನಿ. ಮಳೆಗಾಲದಲ್ಲಿ ತೊಡೆಸಂದಿಯ ಹುಳುಕಡ್ಡಿಗೆ ಇಟ್ರಾಕೊನಜೋಲ್ ತಿನ್ನುವವರು ನಮ್ಮಲ್ಲಿ ಬಹಳ, ಆದರೆ ಅದನ್ನು ಹಲ್ಲಿನ ಡಾಕ್ಟರಿಗೆ ಯಾಕೆ ಹೇಳಬೇಕು ಅಂತ ಸುಮ್ಮನಿರುತ್ತಾರೆ. ಅಲ್ಪ್ರಜೋಲಾಮ್ ಮೈಯಲ್ಲಿ ಕರಗದಂತೆ ಅದು ತಡೆಯುತ್ತದೆ. ಆಗ ಸಣ್ಣ ಡೋಸೂ ದೊಡ್ಡದಾಗಿಬಿಡುತ್ತದೆ. ಕುಡಿತ, ಜೋರು ಗೊರಕೆ, ದಮ್ಮು, ಗರ್ಭಿಣಿ ಎಂಬುದು, ಇವನ್ನೂ ಮುಚ್ಚಿಡಬೇಡಿ. ಮನೆಯಲ್ಲಿ ಅಮ್ಮ ತಿನ್ನುವ ನಿದ್ದೆ ಮಾತ್ರೆಯನ್ನು ಹೇಳದೇ ನುಂಗಿ ಬರುವುದಂತೂ ಬೇಡವೇ ಬೇಡ. ಅಲ್ಪ್ರಜೋಲಾಮ್, ಡಯಾಜೆಪಾಮ್ ಕೊಟ್ಟ ಲೆಕ್ಕವನ್ನು ಮೆಡಿಕಲ್ ಶಾಪಿನವರು ಬೇರೆ ರಿಜಿಸ್ಟರಿನಲ್ಲಿ ಬರೆದಿಡಬೇಕು ಅಂತ ಕಾನೂನೇ ಇದೆ.

ನಿಜ ಹೇಳಬೇಕೆಂದರೆ, ಕೇಳಿದವರಲ್ಲಿ ಬಹಳಷ್ಟು ಮಂದಿಗೆ ಮಾತ್ರೆ ಬೇಕಾಗುವುದಿಲ್ಲ. ಮೊದಲ ದಿನ ಬರೀ ಮಾತಾಡಿ ಕಳಿಸುತ್ತೇನೆ. ಒಸಡಿಗೆ ಮರಗಟ್ಟಿಸುವ ಜೆಲ್ ಹಚ್ಚಿ, ಇಂಜೆಕ್ಷನನ್ನು ತೀರಾ ನಿಧಾನ ಕೊಟ್ಟರೆ ಅರ್ಧ ಹೆದರಿಕೆ ಹೋಗುತ್ತದೆ. ಎಡಗೈ ಎತ್ತಿದರೆ ಡ್ರಿಲ್ ನಿಲ್ಲಿಸುತ್ತೇನೆ ಅನ್ನುತ್ತೇನೆ. ಒಂದು ಸಲ ಸುಮ್ನೆ ಎತ್ತಿ ಪರೀಕ್ಷೆ ಮಾಡುತ್ತಾರೆ, ಆಮೇಲೆ ಎತ್ತುವುದೇ ಇಲ್ಲ.

ಮಕ್ಕಳ ವಿಷಯ ಬೇರೆಯೇ. ಮಂಪರಿನ ಸಿರಪ್ ಕೇಳಿಕೊಂಡು ಬರುವ ತಂದೆತಾಯಿಯನ್ನು ನಾನು ಮಕ್ಕಳ ದಂತತಜ್ಞರೂ ಅನಸ್ತೇಶಿಯಾ ಡಾಕ್ಟರೂ ಇರುವ ಆಸ್ಪತ್ರೆಗೆ ಕಳಿಸುತ್ತೇನೆ.